ಮುಡಿಪಿನ ದುಡ್ಡು, ಡೇರಿ ದುಡ್ಡು, ಚೀಟಿ ದುಡ್ಡು... ಎಲ್ಲಾ ಒಂದೇ ದುಡ್ಡು ಅಲ್ವಾ?

ಮುಳಬಾಗಿಲು ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ವಾದ ಮುಗಿಯುತ್ತಲೇ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ಬೆಳೆ ಒಣಗುತ್ತಿತ್ತು, ಕಾಯುವ ಹಾಗಿರಲಿಲ್ಲ. ಊರಲ್ಲೇ ಒಬ್ಬರ ಹತ್ತಿರ ಮೂರು ರೂಪಾಯಿ ಬಡ್ಡಿಗೆ 60,000 ತಂದೆ. ಅಂದರೆ ತಿಂಗಳಿಗೆ ನೂರಕ್ಕೆ ಮೂರು. ಈಗ ಮನೆಯಲ್ಲಿ ಇರುವುದೆಲ್ಲಾ ಕೂಡಿಸಿದರೆ ಆ ಸಾಲ ತೀರಿ ಇನ್ನೂ ಸ್ವಲ್ಪ ಉಳಿಯುತ್ತದೆ. ಆದರೆ ಅಮ್ಮ ಯಾವುದನ್ನೂ ಮುಟ್ಟಲು ಬಿಡುತ್ತಿಲ್ಲ. ಡೇರಿ ಬಟವಾಡೆ ಹಸುಗಳದ್ದಂತೆ. ಗೃಹಲಕ್ಷ್ಮಿ ದುಡ್ಡು ತನ್ನದಂತೆ. ಚೀಟಿ ತಂಗಿ ಮದುವೆಗಂತೆ. ಅಕ್ಕಿ ಡಬ್ಬದೊಳಗೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಿರುವುದು ತಿರುಪತಿ ಮುಡಿಪು, ಅದರ ಮಾತು ಎತ್ತಲೂ ಬಾರದಂತೆ.

ನೋಟಿನ ಮೇಲೆ ಹಸು, ಮದುವೆ, ತಿರುಪತಿ ಅಂತ ಬರೆದಿರುತ್ತಾ? ನೂರು ರೂಪಾಯಿ ಎಲ್ಲಿಂದ ಬಂದರೂ ನೂರೇ ಅಲ್ವಾ? ನಿಮ್ಮ ಮನೆಗಳಲ್ಲೂ ಹೀಗೇನಾ? ಯಾರಾದರೂ ಬಿಡಿಸಿ ಹೇಳಿ.

ಕೊರಟಗೆರೆ ರಾಗಿ
ಮುಡಿಪಿಗೆ ಮಾತ್ರ ಕೈ ಹಾಕಬೇಡ ಕಣಪ್ಪಾ. ಉಳಿದದ್ದರ ಬಗ್ಗೆ ಮಾತಾಡೋಣ.

ನಿವೃತ್ತ ಕ್ಯಾಷಿಯರ್
ಮೊದಲು ಲೆಕ್ಕ ನೋಡಿ. 60,000ಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 1,800. ವರ್ಷಕ್ಕೆ 21,600. ಅದೇ 60,000 ಉಳಿತಾಯ ಖಾತೆಯಲ್ಲಿದ್ದರೆ ಬ್ಯಾಂಕ್ ಕೊಡುವುದು ವರ್ಷಕ್ಕೆ ನೂರಕ್ಕೆ ಎರಡೂವರೆ, ಮೂರು. ಹೆಚ್ಚು ಅಂದರೂ 1,800. ಬ್ಯಾಂಕ್ ಒಂದು ವರ್ಷದಲ್ಲಿ ಕೊಡುವುದನ್ನು ನಿಮಗೆ ಸಾಲ ಕೊಟ್ಟವರು ಒಂದೇ ತಿಂಗಳಲ್ಲಿ ತೆಗೆದುಕೊಳ್ಳುತ್ತಿದ್ದಾರೆ.

ಇನ್ನೊಂದು ವಿಷಯ. ನಮ್ಮ ರಾಜ್ಯದಲ್ಲಿ ಲೇವಾದೇವಿಯವರು ಅಡಮಾನ ಇದ್ದರೆ ವರ್ಷಕ್ಕೆ ಶೇಕಡಾ 14, ಅಡಮಾನ ಇಲ್ಲದಿದ್ದರೆ ಶೇಕಡಾ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವ ಹಾಗಿಲ್ಲ. ನೀವು ಕಟ್ಟುತ್ತಿರುವುದು 36. ಮಿತಿಮೀರಿದ ಬಡ್ಡಿ ತಡೆಯಲು 2004ರಲ್ಲೇ ಬೇರೆ ಕಾನೂನೂ ಬಂದಿದೆ. ಊರಲ್ಲಿ ಮುಖ ನೋಡಿಕೊಂಡು ಬದುಕಬೇಕು, ಕೇಸು ಹಾಕಿ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಸಾಲ ಬೇಗ ತೀರಬೇಕು, ಅದರಲ್ಲಿ ಎರಡು ಮಾತಿಲ್ಲ.

ಚಿಂತಾಮಣಿ ಅಕ್ಕ
ಕ್ಯಾಷಿಯರ್ ಸಾರ್ ಲೆಕ್ಕ ಸರಿ. ಆದರೆ ಡೇರಿ ದುಡ್ಡು ಅಂದರೆ ಏನು ಅಂತ ತಮ್ಮನಿಗೆ ಗೊತ್ತಿಲ್ಲ ಅನಿಸುತ್ತೆ.

ನಾನು ಎರಡು ಸೀಮೆಹಸು ಸಾಕುತ್ತೇನೆ, ಹೇಳುತ್ತೇನೆ ಕೇಳಿ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಖಾತೆಗೆ ಬೀಳುತ್ತೆ. ಡೇರಿಯಲ್ಲಿ ಸಾಲವಾಗಿ ತಂದ ಫೀಡಿನ ಮೂಟೆ ಅದರಲ್ಲೇ ಮುರಿದುಕೊಂಡಿರುತ್ತಾರೆ. ಉಳಿದದ್ದರಲ್ಲಿ ಬೂಸಾ, ಹಿಂಡಿ, ಜೋಳದ ಕಡ್ಡಿ. ಕೆಚ್ಚಲು ಬಾವು ಬಂದರೆ ಡಾಕ್ಟರ್ ಬಂದು ಹೋಗುವುದಕ್ಕೆ, ಇಂಜೆಕ್ಷನ್ನಿಗೆ ಒಂದೇ ಸಲ ಸಾವಿರಗಟ್ಟಲೆ. ಹಸು ಗಬ್ಬ ನಿಂತು ಹಾಲು ಬತ್ತಿದಾಗ ಎರಡು ತಿಂಗಳು ಬಟವಾಡೆ ಇಲ್ಲ, ಮೇವು ಮಾತ್ರ ಹಾಕುತ್ತಲೇ ಇರಬೇಕು. ಆ ತಿಂಗಳುಗಳಿಗೆ ಅಂತ ಕೂಡಿಟ್ಟಿರುವುದೇ ಪಾಸ್‌ಬುಕ್ಕಿನಲ್ಲಿ ಕಾಣುವ ದುಡ್ಡು. ನಿಮಗೆ ಅದು ಉಳಿತಾಯ. ನಿಮ್ಮ ಅಮ್ಮನಿಗೆ ಅದು ಬಂಡವಾಳ.

ಅದನ್ನು ತೆಗೆದು ಮೂರು ರೂಪಾಯಿ ಸಾಲ ತೀರಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಮುಂದಿನ ತಿಂಗಳು ಹಸು ಮಲಗಿದರೆ ಐದು ರೂಪಾಯಿ ಬಡ್ಡಿಗೆ ಹೋಗುತ್ತೀರಿ. ಆಗ ಯಾರ ಲೆಕ್ಕ ಸರಿ?

ಮಾಲೂರು ಟೆಕ್ಕಿ
ಅಕ್ಕ, ಬೇಜಾರು ಮಾಡ್ಕೋಬೇಡಿ. ಇದು ಹೆದರಿಕೆಯ ಮಾತು. ಖಾತೆಯಲ್ಲಿ ಇರುವುದು ಬರೀ ಅಂಕಿ. ಕಂಪ್ಯೂಟರಿಗೆ ಹಸುವೂ ಗೊತ್ತಿಲ್ಲ, ತಿರುಪತಿಯೂ ಗೊತ್ತಿಲ್ಲ. ಬಡ್ಡಿ ಜಾಸ್ತಿ ಇರುವ ಸಾಲ ಮೊದಲು ತೀರಿಸಬೇಕು, ಇದು ಹಣದ ಮೊದಲ ಪಾಠ. ಆಮೇಲೆ ಪ್ರತಿ ತಿಂಗಳು ಉಳಿಯುವ 1,800ರಿಂದ ಹಸುವಿನ ಗಂಟು ಮತ್ತೆ ಕಟ್ಟಿಕೊಳ್ಳಬಹುದು.

ಚಿಂತಾಮಣಿ ಅಕ್ಕ
ಉಳಿಯುವ 1,800 ಯಾರ ಕೈಯಲ್ಲಿ ಉಳಿಯುತ್ತೆ ಅಂತ ಕೇಳಿ ಮೊದಲು. ಹೆಸರಿಲ್ಲದ ದುಡ್ಡು ಮನೆಯಲ್ಲಿ ನಿಲ್ಲಲ್ಲ. ನಾಳೆ ಮೊಬೈಲು, ನಾಡಿದ್ದು ಬೈಕಿನ ಕಂತು.

ಗುಬ್ಬಿ ಮೇಷ್ಟ್ರು
ಹೆಸರಿಲ್ಲದ ದುಡ್ಡು ನಿಲ್ಲಲ್ಲ ಅನ್ನುವ ಅಕ್ಕನ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಅರ್ಥಶಾಸ್ತ್ರದ ಪುಸ್ತಕದಲ್ಲಿ ಹಣಕ್ಕೆ ಮೂರು ಕೆಲಸ ಹೇಳುತ್ತಾರೆ. ಕೊಡು ಕೊಳ್ಳುವ ಸಾಧನ, ಬೆಲೆ ಅಳೆಯುವ ಅಳತೆ, ಮುಂದಕ್ಕೆ ಕೂಡಿಡುವ ಗಂಟು. ಟೆಕ್ಕಿ ಹೇಳುವುದು ಅಳತೆಯ ಮಾತು. ಅಳತೆಯಲ್ಲಿ ಎಲ್ಲಾ ನೂರೂ ಒಂದೇ. ಆದರೆ ಕೂಡಿಡುವಾಗ ಜನ ಹಾಗೆ ನೋಡುವುದಿಲ್ಲ. ಒಂದೊಂದು ಗಂಟಿಗೂ ಒಂದೊಂದು ಹೆಸರು ಇಡುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಜನ ಮನಸ್ಸಿನಲ್ಲೇ ಬೇರೆ ಬೇರೆ ಖಾತೆ ತೆರೆದುಕೊಳ್ಳುತ್ತಾರೆ, ಒಂದರ ದುಡ್ಡನ್ನು ಇನ್ನೊಂದಕ್ಕೆ ಸುಲಭಕ್ಕೆ ಹಾಕುವುದಿಲ್ಲ ಎನ್ನುವುದು ಅವರ ವಿಚಾರ. ಇದರಿಂದ ಕೆಲವೊಮ್ಮೆ ನಷ್ಟವಾಗುತ್ತೆ, ನಮ್ಮ ಹುಡುಗನ ಮನೆಯಲ್ಲಿ ಆಗುತ್ತಿರುವ ಹಾಗೆ. ಕೆಲವೊಮ್ಮೆ ಅದೇ ಕಾಪಾಡುತ್ತೆ. ಸಂಬಳ ಬಂದ ದಿನವೇ ಮಕ್ಕಳ ಫೀಸಿನ ದುಡ್ಡು ಬೇರೆ ಎತ್ತಿಟ್ಟರೆ ಜೂನ್‌ನಲ್ಲಿ ಪರದಾಟ ಇರಲ್ಲ.

ಶಿಡ್ಲಘಟ್ಟ ಗೂಡು
ಮೇಷ್ಟ್ರೇ, ಒಂದು ಸೇರಿಸುತ್ತೇನೆ. ಕೈಗೆ ಬಂದ ದುಡ್ಡು, ಖಾತೆಗೆ ಬಂದ ದುಡ್ಡು ಒಂದೇ ಅನ್ನುವವರು ನಮ್ಮ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬರಬೇಕು.

ಮೊದಲು ಗೂಡು ಹರಾಜಾದರೆ ನಗದು ಎಣಿಸಿ ಕೊಡುತ್ತಿದ್ದರು. ಟವೆಲಿನಲ್ಲಿ ಕಟ್ಟಿ ಸೊಂಟಕ್ಕೆ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆವು. ದಾರಿಯಲ್ಲೇ ಸೊಪ್ಪು ಕೊಟ್ಟವರಿಗೆ, ಚಾಕಿ ಹುಳು, ಅಂದರೆ ಮರಿ ಹುಳು ಕೊಟ್ಟವರಿಗೆ, ಕೂಲಿಯವರಿಗೆ ಬಟವಾಡೆ. ಮನೆಗೆ ಬಂದಾಗ ಕೈಯಲ್ಲಿ ಏನು ಉಳಿದಿದೆಯೋ ಅದು ನಮ್ಮದು. ಈಗ ಖಾತೆಗೆ ಬರುತ್ತೆ. ಒಳ್ಳೆಯದೇ, ಕಳ್ಳರ ಭಯ ಇಲ್ಲ, ತೂಕದಲ್ಲಿ ದರದಲ್ಲಿ ಮೋಸ ಕಡಿಮೆ. ಆದರೆ ಒಂದು ಸಲ ಗೂಡಿನ ದುಡ್ಡು ಬಿದ್ದ ಕೂಡಲೇ ಬ್ಯಾಂಕಿನವರು ಹಳೇ ಬೆಳೆಸಾಲಕ್ಕೆ ಅಂತ ಮುರಿದುಕೊಂಡರು. ಕೂಲಿಯವರು ಬಾಗಿಲಲ್ಲಿ ನಿಂತಿದ್ದರು. ಸಾಲ ನನ್ನದೇ, ಇಲ್ಲ ಅನ್ನಲ್ಲ. ಆದರೆ ಆ ದುಡ್ಡಿನಲ್ಲಿ ನಾಲ್ಕು ಮನೆಯವರ ಪಾಲಿತ್ತು. ಅದು ಅಂಕಿಯಲ್ಲಿ ಕಾಣಲ್ಲ.

ಕೋಲಾರ ಮಂಡಿ
ನಮ್ಮ ಟೊಮೆಟೊದಲ್ಲೂ ಅದೇ ಕಥೆ ಅಣ್ಣ. ಮಂಡಿಯವರು ನಾಟಿಗೆ ಮುಂಚೆಯೇ ಮುಂಗಡ ಕೊಡುತ್ತಾರೆ. ಸಸಿ, ಕಡ್ಡಿ, ದಾರ, ಔಷಧಿ ಎಲ್ಲಾ ಅದರಲ್ಲೇ. ಆ ದುಡ್ಡಿಗೆ ಬಡ್ಡಿ ಅಂತ ಬಾಯಲ್ಲಿ ಹೇಳಲ್ಲ. ಆದರೆ ಮಾಲು ಅದೇ ಮಂಡಿಗೇ ಹಾಕಬೇಕು, ಕಮಿಷನ್ ಮುರಿದುಕೊಂಡು ಬಿಲ್ ಅಲ್ಲದ ಬಿಳಿ ಚೀಟಿ ಕೊಡುತ್ತಾರೆ. ಕಾನೂನಿನಲ್ಲಿ ರೈತರ ಹತ್ತಿರ ಕಮಿಷನ್ ಹಿಡಿಯುವ ಹಾಗಿಲ್ಲ. ಹಾಗಾದರೆ ಮುಂಗಡ ಅನ್ನುವುದು ಸಾಲವೋ, ಸಹಾಯವೋ, ಕಟ್ಟುಪಾಡೋ? ಮೂರೂ ಹೌದು.

2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ದಾಟಿತ್ತು. ಮುಂಗಡ ಇಲ್ಲದವರು ಎಲ್ಲಿ ಜಾಸ್ತಿ ಕೂಗಿದರೋ ಅಲ್ಲಿ ಹಾಕಿದರು. ಮುಂಗಡ ಇದ್ದವರು ಹಾಕಬೇಕಾದ ಕಡೆಯೇ ಹಾಕಿದರು.

ಹಳೇ ನಾಣ್ಯ
ಸ್ವಲ್ಪ ಆಚೆ ಹೋಗುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ದುಡ್ಡು, ಹಣ, ಕಾಸು ಅಂತ ಬದಲಾಯಿಸಿ ಬದಲಾಯಿಸಿ ಬರೆಯುತ್ತಿದ್ದೀರಿ. ಒಂದು ಕಾಲದಲ್ಲಿ ಇವು ಮೂರೂ ಬೇರೆ ಬೇರೆ ನಾಣ್ಯಗಳು. ಕಾಸು, ದುಡ್ಡು ತಾಮ್ರದವು. ಹಣ ಅಂದರೆ ಚಿನ್ನದ್ದು, ಬೇಳೆಕಾಳಿನಷ್ಟು ಚಿಕ್ಕದು. ಕಂಠೀರವ ನರಸರಾಜ ಒಡೆಯರು (1638-1659) ಹೊರಡಿಸಿದ ಕಂಠೀರಾಯ ಹಣ ಮೈಸೂರು ಸೀಮೆಯಲ್ಲಿ ಬಹಳ ಕಾಲ ಓಡಾಡಿತು. ಹತ್ತು ಹಣ ಸೇರಿದರೆ ಒಂದು ವರಹ. ಸ್ವಾರಸ್ಯ ಏನೆಂದರೆ ಆ ಕಂಠೀರಾಯ ವರಹವನ್ನು ಟಂಕಿಸಲೇ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು. ಕೈಯಲ್ಲಿ ಹಿಡಿಯಲಾಗದ ದುಡ್ಡಿನಲ್ಲಿ ಲೆಕ್ಕ ಬರೆಯುವುದು ಫೋನ್ ಬಂದಮೇಲೆ ಶುರುವಾದದ್ದಲ್ಲ.

ಮಾಲೂರು ಟೆಕ್ಕಿ
ಇದು ಗೊತ್ತಿರಲಿಲ್ಲ, ಚೆನ್ನಾಗಿದೆ. ಇಂಗ್ಲಿಷಿನ ಕ್ಯಾಶ್ ನಮ್ಮ ಕಾಸಿನಿಂದಲೇ ಹೋಯಿತು ಅಲ್ವಾ ಸಾರ್?

ಹಳೇ ನಾಣ್ಯ
ಎಲ್ಲರೂ ಹಾಗೇ ಹೇಳುತ್ತಾರೆ, ಆದರೆ ಅಲ್ಲ. ನಗದು ಅನ್ನುವ ಅರ್ಥದ ಕ್ಯಾಶ್ ಬಂದದ್ದು ಇಟಲಿ, ಫ್ರಾನ್ಸ್ ಕಡೆಯ ಒಂದು ಪದದಿಂದ. ಅದಕ್ಕೆ ಪೆಟ್ಟಿಗೆ ಅಂತ ಅರ್ಥ, ದುಡ್ಡಿಡುವ ಪೆಟ್ಟಿಗೆ. ದಕ್ಷಿಣ ಭಾರತದ, ಚೀನಾದ ಸಣ್ಣ ನಾಣ್ಯಗಳನ್ನು ಪರದೇಶದ ವ್ಯಾಪಾರಿಗಳು ಕ್ಯಾಶ್ ಅಂತ ಕರೆದರಲ್ಲ, ಅದು ಮಾತ್ರ ಕಾಸಿನಿಂದ, ಪೋರ್ಚುಗೀಸರ ಬಾಯಿ ಮೂಲಕ ಹೋದದ್ದು. ಎರಡೂ ಒಂದೇ ಥರ ಕೇಳಿಸುತ್ತವೆ ಅಷ್ಟೇ. ಮನಿ ಅನ್ನುವುದು ರೋಮಿನ ಜೂನೋ ಮೊನೇಟಾ ದೇವಿಯ ಹೆಸರಿನಿಂದ ಬಂತು. ಆ ಗುಡಿಯ ಹತ್ತಿರವೇ ಟಂಕಸಾಲೆ ಇತ್ತು.

ಮುಳಬಾಗಿಲು ಹುಡುಗ
ನಮ್ಮ ಕಡೆ ತೆಲುಗು ಮಾತಾಡುವವರೂ ದುಡ್ಲು ಅಂತಾರೆ. ಆಂಧ್ರದ ನೆಂಟರು ಬಂದರೆ ಡಬ್ಬುಲು ಅಂತಾರೆ. ಮಾತು ಕೇಳಿದರೆ ಗಡಿಯ ಯಾವ ಕಡೆಯವರು ಅಂತ ಗೊತ್ತಾಗುತ್ತೆ.

ಕೆಜಿಎಫ್ ಲೈನ್ ಮನೆ
ನಮ್ಮ ತಮಿಳಿನಲ್ಲಿ ಕಾಸು, ಇಲ್ಲ ಅಂದರೆ ತುಟ್ಟು. ಅದೂ ದುಡ್ಡಿನ ನೆಂಟನೇ.

ನಾನು ಬೇರೆ ಒಂದು ಹೇಳಬೇಕು. ಕ್ಯಾಷಿಯರ್ ಸಾರ್, ಮೇಷ್ಟ್ರು ಇಬ್ಬರೂ ಓದಿ. 2001ರ ಫೆಬ್ರವರಿ 28ಕ್ಕೆ ನಮ್ಮ ಚಿನ್ನದ ಗಣಿ ನಿಂತಿತು. ಅಲ್ಲಿವರೆಗೆ ನಮ್ಮ ಲೈನಿನಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ದುಡ್ಡು ಅಂದರೆ ಸಂಬಳ. ಬಂದ ದಿನ ಅಂಗಡಿ ಸಾಲ ತೀರುತ್ತಿತ್ತು, ಮಾರನೇ ದಿನದಿಂದ ಮತ್ತೆ ಬರೆಸುತ್ತಿದ್ದರು. ಗಣಿ ಮುಚ್ಚಿದ ಮೇಲೆ ಒಂದೇ ಸಲ ಗಂಟು ಕೈಗೆ ಬಂತು. ಸೆಟಲ್ಮೆಂಟ್ ದುಡ್ಡು ಅಂತ ಕರೆಯುತ್ತಿದ್ದೆವು. ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿದವರೇ ಇರಲಿಲ್ಲ. ತಿಂಗಳ ದುಡ್ಡನ್ನು ನಡೆಸುವುದು ಗೊತ್ತಿತ್ತು, ಗಂಟಿನ ದುಡ್ಡನ್ನು ನಡೆಸುವುದು ಗೊತ್ತಿರಲಿಲ್ಲ. ಅದೇ ನೋಟು, ಅದೇ ಬೆಲೆ. ಆದರೂ ಮನೆಮನೆಯಲ್ಲಿ ಅದು ಬೇರೆಯೇ ಥರ ಕರಗಿತು. ಮಗಳ ಹೆಸರಿಗೆ, ಮನೆ ಹೆಸರಿಗೆ ಅಂತ ಅವತ್ತೇ ಹಂಚಿಟ್ಟವರು ಉಳಿಸಿಕೊಂಡರು. ನನ್ನ ತಾಯಿ ಹಾಗೆ ಮಾಡಿದ್ದಕ್ಕೆ ನಾನು ಓದಿದೆ. ಬೆಳಗ್ಗೆ ಟ್ರೈನಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ಇವತ್ತೂ ಅದೇ ಮನೆಯಲ್ಲಿದ್ದೇನೆ.

ಪಾವಗಡ ಬಿಸಿಲು
ನಮ್ಮಲ್ಲಿ ಇದು ತಿರುಗಾಮುರುಗಾ. ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಬರಲಿ ಬಿಡಲಿ ಬರುವ ದುಡ್ಡು. ನಮ್ಮ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ. ಆದರೆ ಶೇಂಗಾ ದುಡ್ಡು ಬಂದಾಗ ಊರಲ್ಲಿ ಕೂಲಿಗೂ ದುಡ್ಡು ಬರುತ್ತಿತ್ತು, ಕಳೆ ಕೀಳುವವರಿಗೆ, ಕಾಯಿ ಬಿಡಿಸುವವರಿಗೆ, ಗಾಡಿಯವರಿಗೆ. ಸೋಲಾರ್ ದುಡ್ಡು ಪಹಣಿ ಇದ್ದವರ ಖಾತೆಗೆ ಬಂದು ಅಲ್ಲೇ ನಿಲ್ಲುತ್ತೆ. ಜಮೀನಿಲ್ಲದವರು ಬೆಂಗಳೂರಿನ ಬಸ್ಸು ಹತ್ತಿದರು. ದುಡ್ಡು ಎಲ್ಲಿಂದ ಬಂತು ಅನ್ನುವುದು ಲೆಕ್ಕಕ್ಕೆ ಬರುತ್ತೆ ಕಣ್ರಿ, ಬರೀ ಎಷ್ಟು ಅನ್ನುವುದಲ್ಲ.

ಕೊರಟಗೆರೆ ರಾಗಿ
ನೂರಕ್ಕೆ ನೂರು ನಿಜ.

ಬಾಗೇಪಲ್ಲಿ ಮೊಮ್ಮಗ
ಮುಡಿಪಿನ ವಿಷಯ ಯಾರೂ ಮುಂದುವರಿಸಲಿಲ್ಲ. ನಮ್ಮ ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಮುಡಿಪು ಕಟ್ಟಿಟ್ಟಿದ್ದರು. 2016ರ ನವೆಂಬರ್ 8ಕ್ಕೆ ಐನೂರು, ಸಾವಿರದ ನೋಟು ರದ್ದಾದಾಗ ಮನೆಯವರೆಲ್ಲಾ ಬ್ಯಾಂಕಿನ ಕ್ಯೂನಲ್ಲಿ ನಿಂತು ಬಂದರು. ಅಜ್ಜಿ ಮಾತ್ರ ಬಾಯಿ ಬಿಡಲಿಲ್ಲ. ಮುಡಿಪು ಬಿಚ್ಚಬಾರದಲ್ಲ! ಮುಂದಿನ ವರ್ಷ ತಿರುಪತಿಗೆ ಹೊರಟಾಗ ಬಟ್ಟೆ ಬಿಚ್ಚಿದರೆ ಹಳೇ ಐನೂರರ ನೋಟುಗಳು. ಅರಿಶಿನದ ಕಲೆ ಹತ್ತಿ ಅಂಚೆಲ್ಲಾ ಹಳದಿಯಾಗಿತ್ತು.

ಅಪ್ಪ ಇದು ಬರೀ ಕಾಗದ ಅಂದರು. ಅಜ್ಜಿ ಒಪ್ಪಲಿಲ್ಲ. ಹರಕೆ ಹೊತ್ತದ್ದು ಇಷ್ಟು ರೂಪಾಯಿ ಅಂತ, ಆ ಇಷ್ಟು ರೂಪಾಯಿ ದೇವರಿಗೆ ಸಲ್ಲಲೇಬೇಕು ಅಂದರು. ಅಷ್ಟೇ ಮೊತ್ತ ಹೊಸ ನೋಟಿನಲ್ಲಿ ಅಪ್ಪನ ಹತ್ತಿರ ಇಸಕೊಂಡು ಹುಂಡಿಗೆ ಹಾಕಿದರು. ಹಳೇ ನೋಟು ಮನೆಯಲ್ಲೇ ಇವೆ. ಸರ್ಕಾರ ರದ್ದು ಮಾಡಿದ್ದು ನೋಟನ್ನು, ಅಜ್ಜಿಯ ಋಣವನ್ನಲ್ಲ.

ನಿವೃತ್ತ ಕ್ಯಾಷಿಯರ್
ಅಜ್ಜಿಗೆ ನಮಸ್ಕಾರ. ಆ ನೋಟುಗಳು ಹತ್ತಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಇಟ್ಟುಕೊಳ್ಳಬೇಡಿ. 2017ರ ಕಾನೂನಿನ ಪ್ರಕಾರ ಹತ್ತಕ್ಕಿಂತ ಹೆಚ್ಚು ರದ್ದಾದ ನೋಟು ಇಟ್ಟುಕೊಳ್ಳುವುದಕ್ಕೆ ದಂಡ ಇದೆ. ನೆನಪಿಗೆ ಒಂದೆರಡು ಇದ್ದರೆ ತೊಂದರೆ ಇಲ್ಲ.

ಸುಮ್ನೆ ತಿಳಿದಿರಲಿ ಅಂತ ಇನ್ನೊಂದು. ಡಬ್ಬಿಯಲ್ಲಿಟ್ಟ ಚಾಲ್ತಿ ನೋಟು ಇಲಿ ಕಡಿದರೆ, ಗೆದ್ದಲು ತಿಂದರೆ ಹೆದರಿ ಅರ್ಧ ಬೆಲೆಗೆ ಹೊರಗೆ ಮಾರಬೇಡಿ. ಯಾವ ಬ್ಯಾಂಕಾದರೂ ಬದಲಾಯಿಸಿಕೊಡಬೇಕು. 20 ರೂಪಾಯಿವರೆಗಿನ ನೋಟು ಅರ್ಧಕ್ಕಿಂತ ಹೆಚ್ಚು ಭಾಗ ಇದ್ದರೆ ಪೂರ್ತಿ ದುಡ್ಡು. 50 ಮತ್ತು ಮೇಲಿನದು ನೂರಕ್ಕೆ 80 ಭಾಗಕ್ಕಿಂತ ಹೆಚ್ಚಿದ್ದರೆ ಪೂರ್ತಿ, 40ರಿಂದ 80ರ ಒಳಗಿದ್ದರೆ ಅರ್ಧ.

ಹೂವಿನ ಮಾರ್ಕೆಟ್
ಚಿಕ್ಕಬಳ್ಳಾಪುರದಿಂದ. ಬೋಣಿ ದುಡ್ಡಿನ ಬಗ್ಗೆ ಯಾರೂ ಬರೆದಿಲ್ಲ ಅಲ್ವಾ? ಬೆಳಗ್ಗೆ ಮೊದಲ ಗಿರಾಕಿ ಕೊಟ್ಟ ನೋಟನ್ನು ಕಣ್ಣಿಗೆ ಒತ್ತಿಕೊಂಡು ಹೂವಿನ ರಾಶಿಗೆ ಮುಟ್ಟಿಸಿ ಗಲ್ಲಾಪೆಟ್ಟಿಗೆಗೆ ಹಾಕುತ್ತೇವೆ. ಅದರಿಂದ ಚಿಲ್ಲರೆ ಕೊಡಲ್ಲ, ಬೋಣಿಗೆ ಮುಂಚೆ ಸಾಲವೂ ಕೊಡಲ್ಲ. ಈಗ ಮೊದಲ ಗಿರಾಕಿಯೇ ಫೋನ್ ತೋರಿಸುತ್ತಾರೆ. ದುಡ್ಡು ಬಂತು ಅಂತ ಸ್ಪೀಕರ್ ಡಬ್ಬ ಮಾತ್ರ ಕೂಗುತ್ತೆ. ನಮ್ಮ ಅತ್ತಿಗೆ ಆ ಡಬ್ಬವನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನಾನು ಬೋಣಿಗೆ ಮಾತ್ರ ನಗದು ಕೊಡಿ ಅಕ್ಕ ಅಂತ ಕೇಳುತ್ತೇನೆ. ಹತ್ತು ರೂಪಾಯಿ ಆದರೂ ಸಾಕು.

ದೊಡ್ಡಬಳ್ಳಾಪುರ ಸೊಸೆ
ಹತ್ತು ರೂಪಾಯಿ ನಾಣ್ಯ ಕೊಟ್ಟರೆ ತೆಗೆದುಕೊಳ್ಳುತ್ತೀರಾ ಅಣ್ಣ? ನಮ್ಮ ತವರು ಕೋಲಾರದಲ್ಲಿ ಬಸ್ಸಿನಲ್ಲೂ ಬೇಡ ಅಂತಾರೆ, ಅಂಗಡಿಯಲ್ಲೂ ಬೇಡ ಅಂತಾರೆ. ಮನೆಯಲ್ಲಿ ಒಂದು ಲೋಟ ತುಂಬ ಇದೆ.

ಹೂವಿನ ಮಾರ್ಕೆಟ್
ನಾನು ತಗೋತೀನಿ ಅಕ್ಕ. ಆದರೆ ನನ್ನ ಹತ್ತಿರ ಯಾರೂ ತಗೊಳ್ಳಲ್ಲ.

ನಿವೃತ್ತ ಕ್ಯಾಷಿಯರ್
ಹತ್ತರ ನಾಣ್ಯ ಪಕ್ಕಾ ಚಲಾವಣೆಯದು. ರೂಪಾಯಿ ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ರಿಸರ್ವ್ ಬ್ಯಾಂಕ್ 2018ರಲ್ಲೇ 14 ವಿನ್ಯಾಸಗಳೂ ಅಸಲಿ ಅಂತ ಹೇಳಿದೆ. ನಾಣ್ಯ ಕಾಯ್ದೆ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ 1,000 ರೂಪಾಯಿವರೆಗೆ ಕೊಡಬಹುದು. ಎಂಟಾಣೆಯೂ ರದ್ದಾಗಿಲ್ಲ, ಹತ್ತು ರೂಪಾಯಿವರೆಗೆ ಕೊಡಬಹುದು. 2011ರ ಜೂನ್ 30ಕ್ಕೆ ನಿಂತದ್ದು ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನವು. ಆ ಲೋಟವನ್ನು ಬ್ಯಾಂಕಿಗೆ ತೆಗೆದುಕೊಂಡು ಹೋಗಿ, ಖಾತೆಗೆ ಕಟ್ಟಿ.

ಮಾಲೂರು ಟೆಕ್ಕಿ
ಇದು ನನ್ನ ಮಾತಿಗೇ ಸಾಕ್ಷಿ ಅಲ್ವಾ? ಕಾನೂನು ದುಡ್ಡು ಅಂದರೂ ಜನ ಬೇಡ ಅಂದರೆ ಅದು ದುಡ್ಡಲ್ಲ. ಎಲ್ಲಾ ನಂಬಿಕೆ ಅಷ್ಟೇ. ನಂಬಿಕೆ ಬದಲಾಯಿಸಿಕೊಂಡರೆ ಡೇರಿ ದುಡ್ಡು ಸಾಲ ತೀರಿಸುವ ದುಡ್ಡಾಗುತ್ತೆ.

ಹೂವಿನ ಮಾರ್ಕೆಟ್
ಅಷ್ಟು ಸುಲಭ ಅಲ್ಲ ತಮ್ಮ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ತೆರಿಗೆ ನೋಟಿಸ್ ಬಂದವು. ಬೇಕರಿ, ಕಾಂಡಿಮೆಂಟ್ಸ್‌ನವರೆಲ್ಲಾ ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸರಿ. ಆದರೆ ಖಾತೆಗೆ ಬಂದದ್ದೆಲ್ಲಾ ವ್ಯಾಪಾರ ಅಲ್ಲ. ತಂಗಿ ಕಳಿಸಿದ ಕೈಗಡ, ಚೀಟಿ ಎತ್ತಿದ್ದು, ಪಕ್ಕದ ಅಂಗಡಿಯವರು ಚಿಲ್ಲರೆಗೆ ಅಂತ ಹಾಕಿದ್ದು ಎಲ್ಲಾ ಅದರಲ್ಲೇ ಸೇರಿರುತ್ತೆ. ಕಂಪ್ಯೂಟರಿಗೆ ಒಂದೇ ಥರ ಕಂಡರೆ ಯಾರು ಬಿಡಿಸಿ ಹೇಳಬೇಕು? ನಾವೇ, ಒಂದೊಂದಾಗಿ, ಚೀಟಿ ಹಿಡಿದುಕೊಂಡು. ಯಾವ ದುಡ್ಡು ಯಾವುದು ಅಂತ ನೆನಪಿಟ್ಟಿರುವುದು ಮನೆಯವರೇ.

ತಿಪಟೂರು ಕೊಬ್ಬರಿ
ಮುಯ್ಯಿ ಮರೆತಿರಾ? ಮದುವೆಯಲ್ಲಿ 501 ಬರೆಸಿದರೆ ಅದು ಉಡುಗೊರೆನಾ, ಸಾಲನಾ? ನಮ್ಮ ಮನೆಯಲ್ಲಿ ಅಪ್ಪನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಇದೆ. ಯಾರು ಎಷ್ಟು ಬರೆಸಿದರು ಅಂತ ನೋಡಿಯೇ ಅವರ ಮನೆ ಮದುವೆಗೆ ಹೋಗುವುದು.

ದೊಡ್ಡಬಳ್ಳಾಪುರ ಸೊಸೆ
ಅದು ಸಾಲವೇ. ಬಡ್ಡಿ ಬೇರೆ! ಅವರು 501 ಹಾಕಿದ್ದರೆ ನಾವು 1,001 ಹಾಕಬೇಕು, ಇಲ್ಲದಿದ್ದರೆ ಮಾತು ಕೇಳಬೇಕು.

ಕೊರಟಗೆರೆ ರಾಗಿ
ಸಾಲ ಅಲ್ಲ ತಾಯಿ. ಸಾಲ ಆದರೆ ಕೇಳಿ ವಸೂಲಿ ಮಾಡಬಹುದು. ಮುಯ್ಯಿ ಯಾರೂ ಕೇಳಲ್ಲ. ಕೊಡದಿದ್ದರೆ ಬರಲ್ಲ ಅಷ್ಟೇ. ನಮ್ಮ ಅಣ್ಣನ ಮದುವೆ ಪೂರ್ತಿ ಮುಯ್ಯಿಯಲ್ಲೇ ನಡೆಯಿತು. ಬ್ಯಾಂಕು ಕೊಡುತ್ತಿತ್ತಾ?

ತಿಪಟೂರು ಕೊಬ್ಬರಿ
ಕೊನೆಯ ಒಂದು ರೂಪಾಯಿ ಅದಕ್ಕೇ ಇರುವುದು ಅಂತ ನಮ್ಮಜ್ಜ ಹೇಳುತ್ತಿದ್ದರು. 500 ಅಂದರೆ ಲೆಕ್ಕ ಮುಗಿಯಿತು. 501 ಅಂದರೆ ಮುಂದುವರಿಯುತ್ತೆ.

ಗೌರಿಬಿದನೂರು ಗೃಹಿಣಿ
ಎಲ್ಲರೂ ದೇವರ ದುಡ್ಡು, ಮದುವೆ ದುಡ್ಡು ಅಂತ ಮಾತಾಡುತ್ತಿದ್ದೀರಿ. ಹುಡುಗ ಬರೆದ ಒಂದು ಸಾಲು ಎಲ್ಲರೂ ದಾಟಿಕೊಂಡು ಹೋದಿರಿ. "ಗೃಹಲಕ್ಷ್ಮಿ ದುಡ್ಡು ತನ್ನದಂತೆ." ತನ್ನದಂತೆ ಅಲ್ಲ, ತನ್ನದೇ. 2023ರ ಆಗಸ್ಟ್‌ನಲ್ಲಿ ಈ 2,000 ಬರಲು ಶುರುವಾಗುವವರೆಗೆ ನಮ್ಮ ಬೀದಿಯಲ್ಲಿ ಎಷ್ಟೋ ಹೆಂಗಸರ ಖಾತೆಗೆ ಅವರ ಹೆಸರಲ್ಲಿ ದುಡ್ಡೇ ಬಂದಿರಲಿಲ್ಲ. ಕಿವಿಯೋಲೆ, ಮೊಮ್ಮಗುವಿಗೆ ಬಟ್ಟೆ, ಮಂಡಿನೋವಿಗೆ ಮಾತ್ರೆ ಇಂಥವಕ್ಕೆ ಯಾರನ್ನೂ ಕೇಳದೆ ಖರ್ಚು ಮಾಡುವ ದುಡ್ಡು ಅದು. ಸ್ತ್ರೀಧನ ಹೆಂಗಸಿನ ಸ್ವಂತದ್ದು, ಗಂಡನ ಮನೆಯವರ ಹತ್ತಿರ ಇಟ್ಟರೂ ಅದು ಅವಳದೇ ಅಂತ 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗೃಹಲಕ್ಷ್ಮಿ ಸ್ತ್ರೀಧನ ಅಲ್ಲದಿರಬಹುದು, ಆದರೆ ನ್ಯಾಯ ಅದೇ.

ಮೋಟಾರ್ ಸುಟ್ಟದ್ದು ಮನೆಯ ಕಷ್ಟ, ಒಪ್ಪುತ್ತೇನೆ. ಅಮ್ಮನನ್ನು ಕೇಳಿ. ಕೂಡಿಸಿ ಲೆಕ್ಕ ಹಾಕಿದ ಮೇಲೆ ಹೇಳುವುದಲ್ಲ, ಅದಕ್ಕೆ ಮುಂಚೆ ಕೇಳಿ.

ಚಿಂತಾಮಣಿ ಅಕ್ಕ
ಇದಕ್ಕೆ ನನ್ನ ಎರಡೂ ಕೈ ಎತ್ತಿದ್ದೇನೆ.

ಮಾಲೂರು ಟೆಕ್ಕಿ
ಗೃಹಿಣಿಯವರ ಮಾತಿಗೆ ನನ್ನ ವಿರೋಧ ಇಲ್ಲ. ಯಾರ ದುಡ್ಡು ಅನ್ನುವ ಪ್ರಶ್ನೆ ನ್ಯಾಯವಾದದ್ದು. ಯಾವುದಕ್ಕೆ ಎತ್ತಿಟ್ಟ ದುಡ್ಡು ಅನ್ನುವುದರಲ್ಲಿ ಮಾತ್ರ ನನ್ನ ತಕರಾರು ಇದ್ದೇ ಇದೆ. 36ರ ಬಡ್ಡಿ ಕಟ್ಟುತ್ತಾ ಹಸುವಿನ ಹೆಸರಲ್ಲಿ ದುಡ್ಡು ಇಟ್ಟುಕೊಂಡರೆ ಆ ಹಸುವಿಗೂ ಒಳ್ಳೆಯದಾಗಲ್ಲ.

ಮುಳಬಾಗಿಲು ಹುಡುಗ
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಕೆಲವು ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ಚಿಂತಾಮಣಿ ಅಕ್ಕನ ಬಟವಾಡೆ ಲೆಕ್ಕ ಕೇಳಿ "ಆಯಮ್ಮನಿಗೆ ಗೊತ್ತು ನೋಡು" ಅಂದರು. ಕ್ಯಾಷಿಯರ್ ಸಾರ್ ಹೇಳಿದ ತಿಂಗಳ 1,800ನ್ನು ಎರಡು ಸಲ ಕೇಳಿಸಿಕೊಂಡರು. ಆಮೇಲೆ ಅವರೇ ಒಂದು ದಾರಿ ಹೇಳಿದರು. ಎರಡೆಳೆ ಸರ ಬ್ಯಾಂಕಿನಲ್ಲಿ ಅಡ ಇಟ್ಟು ಊರಿನ ಸಾಲ ತೀರಿಸುವುದು. ಡೇರಿ, ಚೀಟಿ, ಮುಡಿಪು ಯಾವುದನ್ನೂ ಮುಟ್ಟುವುದಿಲ್ಲ. ಬ್ಯಾಂಕಿನ ಕಂತು ಕೋಸಿನ ದುಡ್ಡಿನಲ್ಲಿ ನಾನು ಕಟ್ಟಬೇಕು, ಅದಕ್ಕೆ ಬೇರೆ ಡಬ್ಬ. ಇದು ಲೆಕ್ಕಕ್ಕೆ ಕೂಡುತ್ತಾ ಸಾರ್?

ನಿವೃತ್ತ ಕ್ಯಾಷಿಯರ್
ಚೆನ್ನಾಗಿ ಕೂಡುತ್ತೆ. ಬ್ಯಾಂಕಿನ ಚಿನ್ನದ ಸಾಲ ವರ್ಷಕ್ಕೆ ಶೇಕಡಾ 9, 10ರ ಸುತ್ತ ಸಿಗುತ್ತೆ. 60,000ಕ್ಕೆ ವರ್ಷಕ್ಕೆ ಹೆಚ್ಚೆಂದರೆ 6,000 ಬಡ್ಡಿ. ಈಗ ಕಟ್ಟುತ್ತಿರುವುದು 21,600. ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ, ಸಾಲ ಅವರ ಹೆಸರಲ್ಲೇ ಇರಲಿ. ತೂಕ ಮಾಡುವಾಗ ಕಲ್ಲು, ಮೇಣ ಕಳೆದು ನಿವ್ವಳ ತೂಕ ಎಷ್ಟು ಬರೆದರು ಅಂತ ನೋಡಿಕೊಳ್ಳಿ. ಒಡವೆ ಚೀಟಿಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಅವಧಿ ಮುಗಿಯುವ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಾಟಿದರೆ ಹರಾಜಿನ ನೋಟಿಸ್ ಬರುತ್ತೆ.

ಊರಿನವರಿಗೆ ಏನು ಬರೆದುಕೊಟ್ಟಿದ್ದೀರಿ?

ಮುಳಬಾಗಿಲು ಹುಡುಗ
ಪ್ರೋನೋಟು ಒಂದು. ಜೊತೆಗೆ ಸಹಿ ಮಾಡಿದ ಖಾಲಿ ಚೆಕ್ ಎರಡು.

ನಿವೃತ್ತ ಕ್ಯಾಷಿಯರ್
ದುಡ್ಡು ಕೈಗೆ ಕೊಡುವ ಮುಂಚೆ ಮೂರನ್ನೂ ಮೇಜಿನ ಮೇಲೆ ಇಡಿಸಿ. ಅಸಲು ಬಡ್ಡಿ ಪೂರ್ತಿ ಸಂದಾಯವಾಗಿದೆ ಅಂತ ಅವರ ಕೈಯಲ್ಲೇ ಬರೆಸಿ ಸಹಿ ತೆಗೆದುಕೊಳ್ಳಿ, ಒಬ್ಬರು ಸಾಕ್ಷಿ ಇರಲಿ. ಆದಷ್ಟು ಖಾತೆಯಿಂದ ಖಾತೆಗೆ ಕಳಿಸಿ, ದಾಖಲೆ ಉಳಿಯುತ್ತೆ. ಚೆಕ್ ಕಳೆದುಹೋಗಿದೆ, ಆಮೇಲೆ ಕೊಡುತ್ತೇನೆ ಅಂದರೆ ಅವತ್ತೇ ನಿಮ್ಮ ಶಾಖೆಗೆ ಹೋಗಿ ಆ ಚೆಕ್ ನಂಬರುಗಳಿಗೆ ಪಾವತಿ ತಡೆ ಬರೆದುಕೊಡಿ, ಸಾಲ ತೀರಿದ ಪತ್ರದ ಒಂದು ಪ್ರತಿಯನ್ನೂ ಲಗತ್ತಿಸಿ.

ಮುಳಬಾಗಿಲು ಹುಡುಗ
ಆಯ್ತು ಸಾರ್. ಚೆಕ್ ನಂಬರು ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ. ಸೋಮವಾರ ಅಮ್ಮನ ಜೊತೆ ಬ್ಯಾಂಕಿಗೆ ಹೋಗುತ್ತೇವೆ, ಹಾಲು ಹಾಕಿ ಬಂದ ಮೇಲೆ.